ಜೂನ್ 2ರ ಪ್ರೈಮರಿ: ಪಕ್ಷ ಬರೆಸದವರ ಬ್ಯಾಲಟ್, ಗವರ್ನರ್ ಪಟ್ಟಿ, ಮತ್ತೆ ಆ ಸಹಿ ವಿಚಾರ

ಸನ್ನಿವೇಲ್_ಸಂಪಿಗೆ (ಮೇ 9, ರಾತ್ರಿ 9:40)
ಎಲ್ರಿಗೂ ನಮಸ್ಕಾರ. 2026ರ ಜೂನ್ 2ರ ಪ್ರೈಮರಿಗೆ, ಅಂದ್ರೆ ನವೆಂಬರ್ ಚುನಾವಣೆಗೆ ಮುಂಚಿನ ಸುತ್ತಿಗೆ, ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಿಂದ ಬ್ಯಾಲಟ್ ಲಕೋಟೆ ಬಂದಿದೆ. ನಾಲ್ಕು ಪ್ರಶ್ನೆ, ಗೊತ್ತಿರೋರು ಹೇಳಿ.
ಒಂದು, ನೋಂದಣಿ ಮಾಡುವಾಗ ಪಕ್ಷ ಬರೆಸಿಲ್ಲ. ಪಕ್ಷದ ಬ್ಯಾಲಟ್ ಬೇಕು ಅಂತ ಕೌಂಟಿಗೆ ಬೇರೆ ಕೇಳ್ಕೋಬೇಕಾ? ಎರಡು, ಗವರ್ನರ್ ಪಟ್ಟಿ ಮದುವೆ ಸಾಮಾನಿನ ಚೀಟಿ ಥರ ಇದೆ, ಒಂದೇ ಪಕ್ಷದವರೇ ಅಷ್ಟೊಂದು ಜನ, ಯಾಕೆ? ಮೂರು, ನಮ್ಮ ವಾಟ್ಸಾಪ್ ಗುಂಪಿನಲ್ಲಿ "ಇದು ಬರೀ ಸೆಮಿಫೈನಲ್, ನವೆಂಬರ್‌ನಲ್ಲಿ ಹಾಕಿದ್ರೆ ಸಾಕು" ಅಂತಿದ್ದಾರೆ, ನಿಜಾನಾ? ನಾಲ್ಕು, ಲಕೋಟೆ ಮೇಲೆ ಕನ್ನಡದಲ್ಲಿ ಸಹಿ ಹಾಕಬಹುದಾ?

ಕಾಫಿ_ಡಿಕಾಕ್ಷನ್
ಪಕ್ಷ ಇಲ್ದೋರು ಒಂದು ಪಕ್ಷದ ಪ್ರೈಮರಿಗೆ ಹಾಕೋ ಕ್ರಾಸ್‌ಓವರ್ ಬ್ಯಾಲಟ್ ಕೇಳಿ ತರಿಸ್ಕೋಬೇಕು. ಇಲ್ಲಾಂದ್ರೆ ಮೇಲಿನ ಹುದ್ದೆಗಳ ಜಾಗ ಖಾಲಿ ಬರುತ್ತೆ. ಬೇಗ ಕೇಳಿ.

ಫ್ರೀಮಾಂಟ್_ಮೇಷ್ಟ್ರು
ಡಿಕಾಕ್ಷನ್ ಅವರೇ, ಅದು ಅಧ್ಯಕ್ಷರ ಚುನಾವಣೆ ವರ್ಷದ ಮಾತು, 2024ರ ಮಾರ್ಚ್‌ಗೆ ಸರಿ ಇತ್ತು. ಈ ವರ್ಷಕ್ಕಲ್ಲ. ಸಂಪಿಗೆ ಅವರಿಗೆ ಬಂದಿರೋದೇ ಪೂರ್ತಿ ಬ್ಯಾಲಟ್, ಏನೂ ಕೇಳೋದು ಬೇಡ.

ಕ್ಯಾಲಿಫೋರ್ನಿಯಾದಲ್ಲಿ 2010ರಲ್ಲಿ ಪ್ರೊಪೊಸಿಷನ್ 14 ಅನ್ನೋ ಜನಮತ ಪ್ರಸ್ತಾವ ಪಾಸಾಯ್ತು, 2012ರಿಂದ ಜಾರಿ. ಗವರ್ನರ್, ಅಟಾರ್ನಿ ಜನರಲ್, ಕಂಟ್ರೋಲರ್, ಅಸೆಂಬ್ಲಿ, ಸ್ಟೇಟ್ ಸೆನೆಟ್, ಕಾಂಗ್ರೆಸ್ (ಅಮೆರಿಕದ ಸಂಸತ್ತು) ಎಲ್ಲಕ್ಕೂ ಒಂದೇ ಪಟ್ಟಿ, ಎಲ್ಲ ಮತದಾರರಿಗೂ ಅದೇ ಪಟ್ಟಿ. ಯಾವ ಪಕ್ಷದವರಾದ್ರೂ ಸರಿ, ಮೊದಲ ಇಬ್ಬರು ನವೆಂಬರ್‌ಗೆ. ಒಂದೇ ಪಕ್ಷದ ಇಬ್ಬರೇ ಉಳಿದರೂ ಉಳಿದರು. ಅಧ್ಯಕ್ಷರ ಪ್ರೈಮರಿ ಮಾತ್ರ ಇನ್ನೂ ಪಕ್ಷಗಳ ಕೈಲೇ ಇದೆ. ಅಲ್ಲಿ ಡೆಮಾಕ್ರಾಟಿಕ್ ಪಕ್ಷ ಕೇಳಿದ್ರೆ ಕೊಡುತ್ತೆ, ರಿಪಬ್ಲಿಕನ್ ಪಕ್ಷ ನೋಂದಾಯಿಸಿದವರಿಗೆ ಮಾತ್ರ.

ಹೆಸರಿನ ಕೆಳಗಿರೋ ಸಾಲನ್ನ ಸರಿಯಾಗಿ ಓದಿ. "ಪಕ್ಷದ ಒಲವು: ಡೆಮಾಕ್ರಾಟಿಕ್" ಅಂದ್ರೆ ಆ ಮನುಷ್ಯ ತಾನು ಹಾಗೆ ನೋಂದಾಯಿಸಿಕೊಂಡಿದ್ದಾನೆ ಅಂತ ಅಷ್ಟೇ, ಪಕ್ಷ ಒಪ್ಪಿದೆ ಅಂತಲ್ಲ. ಪಕ್ಷಗಳು ಯಾರನ್ನ ಅನುಮೋದಿಸಿವೆ ಅನ್ನೋ ಪಟ್ಟಿ ಮತದಾರರ ಕೈಪಿಡಿಯಲ್ಲಿ ಬೇರೆಯಾಗಿ ಅಚ್ಚಾಗಿರುತ್ತೆ.

ಮಂಡ್ಯ_ಮಾದ
ಅಂದ್ರೆ ಇಲ್ಲಿ ಬಿ ಫಾರಂ ಕೊಡೋರೇ ಇಲ್ವಾ ಸಾರ್! ಹೈಕಮಾಂಡ್ ಪಾಡೇನು?

ಧಾರವಾಡ_ಪೇಡೆ
ಮಾದಣ್ಣ, ಕ್ಯಾಲಿಫೋರ್ನಿಯಾದಾಗ ಇಲ್ಲ. ನಮ್ಮ ಟೆಕ್ಸಾಸ್‌ದಾಗ ಐತಿ, ಆದ್ರ ಕೊಡವ್ರು ಮತದಾರರು. ಬೆಂಗಳೂರಿಗಿ ಟಿಕೆಟ್ ಕೇಳಾಕ ಹೋಗಿ ದಿಲ್ಲಿ ವಿಮಾನ ಹತ್ತೂದು, ರಾತ್ರಿ ಎರಡಕ್ಕ ಪಟ್ಟಿ ಬರೂದು, ಇದ್ಯಾವ್ದೂ ಇಲ್ಲ. ಮಾರ್ಚ್ ಮೊದಲ ಮಂಗಳವಾರ ಜನಾ ಓಟ್ ಹಾಕಿ ಬಿ ಫಾರಂ ಬರದು ಕೊಡ್ತಾರ.

ಟೆಕ್ಸಾಸ್‌ದಾಗ ಪಕ್ಷದ ನೋಂದಣಿ ಅನ್ನೂದ ಇಲ್ಲ. ಬೂತಿಗಿ ಹೋಗಿ ಯಾವ ಪಕ್ಷದ ಪ್ರೈಮರಿ ಬೇಕು ಅಂತ ಹೇಳಬೇಕು, ಒಂದ ಪಕ್ಷದ್ದು. ಅರ್ಧಕ್ಕಿಂತ ಹೆಚ್ಚು ಯಾರಿಗೂ ಬರಲಿಲ್ಲ ಅಂದ್ರ ಮೇ ತಿಂಗಳದಾಗ ಮೊದಲ ಇಬ್ಬರ ನಡುವ ಮತ್ತೊಂದು ಸುತ್ತು, ಅಂದ್ರ ರನ್‌ಆಫ್, ಈ ಸಲ ಮೇ 26. ಮಾರ್ಚ್‌ದಾಗ ಒಂದು ಪಕ್ಷದ ಪ್ರೈಮರಿಯೊಳಗ ಹಾಕಿದವ್ರು ಮೇದಾಗ ಇನ್ನೊಂದು ಪಕ್ಷದ ರನ್‌ಆಫ್‌ಗ ಹಾಕಂಗಿಲ್ಲ. ಮಾರ್ಚ್‌ದಾಗ ಹಾಕದ ಇದ್ದವ್ರು ಯಾವುದಾದ್ರೂ ಒಂದಕ್ಕ ಹಾಕಬಹುದು. ಇದು ಭಾಳ ಮಂದಿಗಿ ಗೊತ್ತಿಲ್ಲ, ಮಾರ್ಚ್ ತಪ್ಪಿತು ಅಂತ ಮನ್ಯಾಗ ಕುಂಡರ್ತಾರ. ರನ್‌ಆಫ್‌ಗ ಬರೂ ಮಂದೀನ ಕಡಿಮಿ, ಹಿಂಗಾಗಿ ಅಲ್ಲೇ ಒಂದೊಂದು ಓಟಿಗಿ ತೂಕ. 2024ರಾಗ ವಿಧಾನಸಭೆ ಸ್ಪೀಕರ್ ಡೇಡ್ ಫೆಲನ್ ಅವರ ಶಾಸಕ ಕುರ್ಚಿ ಉಳಿದದ್ದು ರನ್‌ಆಫ್‌ದಾಗ 400ಕ್ಕಿಂತ ಕಡಿಮಿ ಮತದಿಂದ.

ಕಾಫಿ_ಡಿಕಾಕ್ಷನ್
ಸರಿ ಮೇಷ್ಟ್ರೇ, ತಪ್ಪು ಒಪ್ಕೊಂಡೆ. ಆದ್ರೆ ಸೆಮಿಫೈನಲ್ ಅನ್ನೋದ್ರಲ್ಲಿ ಏನ್ ತಪ್ಪು? ಇಬ್ಬರು ಮುಂದೆ ಹೋಗ್ತಾರೆ, ನವೆಂಬರ್‌ನಲ್ಲಿ ಒಬ್ಬರನ್ನ ಆರಿಸ್ತೀವಿ.

ರೆಡ್ಮಂಡ್_ರಗಳೆ
ತಪ್ಪಿದೆ. ನಿಮಗೆ ಬೇಕಾದವರು ಆ ಇಬ್ಬರಲ್ಲಿ ಇರ್ತಾರೆ ಅನ್ನೋ ಗ್ಯಾರಂಟಿ ಎಲ್ಲಿದೆ? ನಮ್ಮ ವಾಷಿಂಗ್ಟನ್ ರಾಜ್ಯದಲ್ಲೂ 2008ರಿಂದ ಇದೇ ಪದ್ಧತಿ. 2016ರಲ್ಲಿ ರಾಜ್ಯದ ಖಜಾಂಚಿ ಹುದ್ದೆಗೆ ಮೂವರು ಡೆಮಾಕ್ರಾಟರು, ಇಬ್ಬರು ರಿಪಬ್ಲಿಕನ್ನರು ನಿಂತ್ರು. ಮೂವರು ಮತ ಹಂಚಿಕೊಂಡ್ರು, ಇಬ್ಬರು ಮೇಲೆ ಬಂದ್ರು. ನವೆಂಬರ್ ಬ್ಯಾಲಟ್‌ನಲ್ಲಿ ಡೆಮಾಕ್ರಾಟರ ಹೆಸರೇ ಇಲ್ಲ, ಅದೂ ಡೆಮಾಕ್ರಾಟರ ರಾಜ್ಯದಲ್ಲಿ!

2024ರಲ್ಲಿ ಇದೇ ಕಥೆ ಮತ್ತೆ ಆಗೋದರಲ್ಲಿತ್ತು. ಸರ್ಕಾರಿ ಜಮೀನು, ಕಾಡು ನೋಡಿಕೊಳ್ಳೋ ಕಮಿಷನರ್ ಹುದ್ದೆ, ಏಳು ಜನ ಕಣದಲ್ಲಿ, ಐವರು ಡೆಮಾಕ್ರಾಟರು. ರಿಪಬ್ಲಿಕನ್ ಹೈಮೆ ಹೆರೇರಾ ಬ್ಯೂಟ್ಲರ್ ಮೊದಲು. ಎರಡನೇ ಜಾಗಕ್ಕೆ ಡೆಮಾಕ್ರಾಟ್ ಡೇವ್ ಅಪ್‌ಥೆಗ್ರೋವ್ ಮತ್ತು ಇನ್ನೊಬ್ಬ ರಿಪಬ್ಲಿಕನ್ ಸೂ ಕ್ಯೂಲ್ ಪೆಡರ್ಸನ್ ನಡುವೆ ಮರುಎಣಿಕೆ ಆಗಿ ಉಳಿದ ಅಂತರ 49 ಮತ. ಇಡೀ ರಾಜ್ಯಕ್ಕೆ 49! ಆ 49ರಿಂದ ತೂರಿಕೊಂಡ ಅಪ್‌ಥೆಗ್ರೋವ್ ಅವರೇ ನವೆಂಬರ್‌ನಲ್ಲಿ ಗೆದ್ರು.

ಫ್ರೀಮಾಂಟ್_ಮೇಷ್ಟ್ರು
ಕ್ಯಾಲಿಫೋರ್ನಿಯಾದಲ್ಲಿ ಮೊದಲ ವರ್ಷವೇ ಹೀಗಾಯ್ತು. 2012, ಸ್ಯಾನ್ ಬರ್ನಾರ್ಡಿನೊ ಕಡೆಯ 31ನೇ ಕಾಂಗ್ರೆಸ್ ಕ್ಷೇತ್ರ. ನಾಲ್ವರು ಡೆಮಾಕ್ರಾಟರು ಮತ ಒಡೆದ್ರು, ರಿಪಬ್ಲಿಕನ್ನರಾದ ಗ್ಯಾರಿ ಮಿಲ್ಲರ್, ಬಾಬ್ ಡಟನ್ ಮೇಲೆ. ಅದೇ ನವೆಂಬರ್‌ನಲ್ಲಿ ಅಧ್ಯಕ್ಷ ಹುದ್ದೆಗೆ ಆ ಕ್ಷೇತ್ರ ಒಬಾಮಾ ಕೈ ಹಿಡೀತು. ನ್ಯೂಸಮ್ ಅವರದ್ದು ಎರಡು ಅವಧಿ ಮುಗಿಯುತ್ತಿರೋದರಿಂದ ಈ ಸಲ ಗವರ್ನರ್ ಕುರ್ಚಿ ಖಾಲಿ, ಆಸೆ ಇರೋರು ಜಾಸ್ತಿ, ಹಾಗಾಗಿ ಅದೇ ಲೆಕ್ಕಾಚಾರ ಎಲ್ಲ ಕಡೆ ನಡೀತಿದೆ.

ಸನ್ನಿವೇಲ್ ಪಕ್ಕದ್ದೇ ಉದಾಹರಣೆ ಬೇಕಾದ್ರೆ 2024ರ ಮಾರ್ಚ್, 16ನೇ ಕಾಂಗ್ರೆಸ್ ಕ್ಷೇತ್ರ, ಪಾಲೊ ಆಲ್ಟೊ, ಮೌಂಟನ್ ವ್ಯೂ, ಲಾಸ್ ಗ್ಯಾಟೋಸ್ ಕಡೆ. 11 ಜನ ನಿಂತಿದ್ರು. ಸ್ಯಾಮ್ ಲಿಕಾರ್ಡೊ ಮೊದಲು. ಎರಡನೇ ಜಾಗಕ್ಕೆ ಇವಾನ್ ಲೋ 30,249, ಜೋ ಸಿಮಿಟಿಯನ್ 30,249. ಟೈ! ಇಲ್ಲಿನ ಕಾನೂನಿನ ಪ್ರಕಾರ ಎರಡನೇ ಜಾಗ ಸಮ ಆದ್ರೆ ಚೀಟಿ ಎತ್ತೋದಿಲ್ಲ, ಇಬ್ಬರೂ ನವೆಂಬರ್‌ಗೆ ಹೋಗ್ತಾರೆ, ಅಂದ್ರೆ ಮೂವರ ಸ್ಪರ್ಧೆ. ಆಮೇಲೆ ಮರುಎಣಿಕೆ ಕೇಳಿದವರು ಸಿಕ್ಕರು (ಕೇಳಿದವರೇ ದುಡ್ಡು ಕಟ್ಟಬೇಕು), ಲೋ 5 ಮತ ಮುಂದೆ ಬಂದ್ರು, ಸಿಮಿಟಿಯನ್ ಹೊರಗೆ.

ಮಂಡ್ಯ_ಮಾದ
5 ಮತ! ನಮ್ಮೂರಲ್ಲಿ ಒಂದು ಅಟ್ಟಿ ಮನೆ ಓಟು.

ಸನ್ನಿವೇಲ್_ಸಂಪಿಗೆ
ಥ್ಯಾಂಕ್ಸ್ ಮೇಷ್ಟ್ರೇ. ಹಾಗಾದ್ರೆ ಪಕ್ಷದ ಹೆಸರೇ ಇಲ್ಲದ ಸ್ಪರ್ಧೆಗಳು ಕೆಳಗಿವೆಯಲ್ಲ, ನ್ಯಾಯಾಧೀಶರು, ಶಾಲಾ ಸೂಪರಿಂಟೆಂಡೆಂಟ್? ಅದಕ್ಕೂ ಮೊದಲ ಇಬ್ಬರಾ?

ಫ್ರೀಮಾಂಟ್_ಮೇಷ್ಟ್ರು
ಸೆಮಿಫೈನಲ್ ಅನ್ನೋರು ಎಡವೋದು ಇಲ್ಲೇ. ಅವು ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಇದ್ದ ಹಾಗೆ. ಕಾಗದದ ಮೇಲೆ ಪಕ್ಷ ಇಲ್ಲ, ಊರಿಗೆಲ್ಲ ಯಾರು ಯಾವ ಕಡೆ ಅಂತ ಗೊತ್ತು. ನಿಯಮ ಬೇರೆ: ರಾಜ್ಯದ ಶಾಲಾ ಸೂಪರಿಂಟೆಂಡೆಂಟ್, ಕೌಂಟಿ ಸೂಪರ್‌ವೈಸರ್, ಸುಪೀರಿಯರ್ ಕೋರ್ಟ್ ನ್ಯಾಯಾಧೀಶರು, ಇವರಲ್ಲಿ ಯಾರಿಗಾದ್ರೂ ಜೂನ್‌ನಲ್ಲಿ ಅರ್ಧಕ್ಕಿಂತ ಒಂದು ಮತ ಹೆಚ್ಚು ಬಂದ್ರೆ ಅಲ್ಲಿಗೆ ಮುಗೀತು. ನವೆಂಬರ್ ಬ್ಯಾಲಟ್‌ನಲ್ಲಿ ಆ ಹುದ್ದೆಯೇ ಕಾಣೋದಿಲ್ಲ. ಇಬ್ಬರೇ ನಿಂತಿದ್ರೆ ಜೂನ್‌ನಲ್ಲೇ ಇತ್ಯರ್ಥ ಅಂತ ಇಟ್ಕೊಳ್ಳಿ.

ಇನ್ನೊಂದು. ಗವರ್ನರ್, ಅಸೆಂಬ್ಲಿಯಂಥ ಹುದ್ದೆಗಳಿಗೆ ನವೆಂಬರ್‌ನಲ್ಲಿ ಹೆಸರು ಬರೆದು ಹಾಕೋಕೂ ಇಲ್ಲಿ ಅವಕಾಶ ಇಲ್ಲ. ಬರೆಯೋದಿದ್ರೆ ಜೂನ್‌ನಲ್ಲೇ, ಅದೂ ನೋಂದಾಯಿಸಿದ ರೈಟ್‌ಇನ್ ಅಭ್ಯರ್ಥಿಗಳ ಹೆಸರು ಮಾತ್ರ.

ಎಡಿಸನ್_ಪದ್ಮಕ್ಕ
ನ್ಯೂಜೆರ್ಸಿಯವರಿಗೂ ಜೂನ್ 2 ಪ್ರೈಮರಿನೇ, ಸ್ವಲ್ಪ ಜಾಗ ಕೊಡಿ. ಇಲ್ಲಿ ಪಕ್ಷ ಬರೆಸದವರು ಬೂತಿಗೆ ಹೋಗಿ ಆ ದಿನವೇ ಒಂದು ಪಕ್ಷ ಹೇಳಿ ಹಾಕಬಹುದು. ಈಗಾಗಲೇ ಒಂದು ಪಕ್ಷದಲ್ಲಿ ಇದ್ದು ಇನ್ನೊಂದಕ್ಕೆ ಹೋಗಬೇಕು ಅನ್ನೋರಿಗೆ ಗಡುವು ಚುನಾವಣೆಗೆ 55 ದಿನ ಮುಂಚೆ, ಅದು ಏಪ್ರಿಲ್ 8ಕ್ಕೇ ಹೋಯ್ತು. ಆ ದಿನ ಹಾಕಿದ ಮೇಲೆ ಆ ಪಕ್ಷದವರು ಅಂತಲೇ ದಾಖಲಾಗುತ್ತೆ. ಬೇಡ ಅನ್ನೋರು ಆಮೇಲೆ ಫಾರಂ ತುಂಬಿ ವಾಪಸ್ ಬಿಡಿಸ್ಕೋಬೇಕು.

ನಮ್ಮಲ್ಲಿ ಇನ್ನೊಂದು ರೋಗ ಇತ್ತು. 21 ಕೌಂಟಿಗಳಲ್ಲಿ 19ರಲ್ಲಿ ಬ್ಯಾಲಟ್ಟೇ ಕಪಟ! ಕೌಂಟಿ ಪಕ್ಷದ ಮುಖಂಡರು ಒಪ್ಪಿದವರೆಲ್ಲ ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ. ಒಪ್ಪದವರನ್ನ ಯಾವುದೋ ಮೂಲೆ ಕಾಲಂಗೆ ತಳ್ತಿದ್ರು, ಅದಕ್ಕೆ ಇಲ್ಲಿಯವರು "ಬ್ಯಾಲಟ್ ಸೈಬೀರಿಯಾ" ಅಂತಿದ್ರು. 2024ರಲ್ಲಿ ಸೆನೆಟ್ ಪ್ರೈಮರಿಗೆ ನಿಂತಿದ್ದ ಆಂಡಿ ಕಿಮ್ ಕೋರ್ಟಿಗೆ ಹೋದ್ರು, ಮಾರ್ಚ್ ಕೊನೆಗೆ ಫೆಡರಲ್ ನ್ಯಾಯಾಧೀಶರು ಡೆಮಾಕ್ರಾಟಿಕ್ ಪ್ರೈಮರಿಗೆ ಅದನ್ನ ತಡೆದ್ರು. 2025ರಲ್ಲಿ ಕಾನೂನೇ ಬಂತು. ಈಗ ಹುದ್ದೆವಾರು ಪೆಟ್ಟಿಗೆ, ಒಂದು ಹುದ್ದೆಯ ಎಲ್ಲ ಹೆಸರೂ ಒಂದೇ ಕಡೆ.

ಮಂಡ್ಯ_ಮಾದ
ಪದ್ಮಕ್ಕ, ಅದೇ ಕಣಕ್ಕ ಹೈಕಮಾಂಡು. ನಾನು ಕೇಳಿದ್ದು ಇದನ್ನೇ!

ಎಡಿಸನ್_ಪದ್ಮಕ್ಕ
ಹೂಂ ಮಾದ, ವೇಷ ಬೇರೆ ಅಷ್ಟೇ. ಆ ಮುಖಂಡರನ್ನ ಆರಿಸೋರು ಕೌಂಟಿ ಕಮಿಟಿ ಸದಸ್ಯರು, ಆ ಸದಸ್ಯರ ಹೆಸರೂ ಇದೇ ಪ್ರೈಮರಿ ಬ್ಯಾಲಟ್‌ನ ಕೊನೇಲಿ ಇರುತ್ತೆ. ಬೂತು ಮಟ್ಟದ ಹುದ್ದೆ. ಎಷ್ಟೋ ಕಡೆ ಯಾರೂ ನಿಂತೇ ಇರಲ್ಲ, ಬೆರಳೆಣಿಕೆ ರೈಟ್‌ಇನ್ ಮತಕ್ಕೆ ಗೆಲ್ಲೋ ಜಾಗ ಅದು.

ನೀರ್ದೋಸೆ
ಮಿಶಿಗನ್‌ನಲ್ಲೂ ಹಾಗೇ ಉಂಟು, ಪ್ರಿಸಿಂಕ್ಟ್ ಡೆಲಿಗೇಟ್ ಅಂತ ಹೇಳುದು. ಆಗಸ್ಟ್ 4ಕ್ಕೆ ಪ್ರೈಮರಿ. ಸಣ್ಣ ಹುದ್ದೆ ಅಂತ ನಗಾಡ್ಬೇಡಿ ಮಾರಾಯ್ರೆ. ಆ ಡೆಲಿಗೇಟರು ಕೌಂಟಿ ಸಮಾವೇಶಕ್ಕೆ, ಅಲ್ಲಿಂದ ಆಯ್ಕೆಯಾದವರು ರಾಜ್ಯ ಸಮಾವೇಶಕ್ಕೆ. ಅಟಾರ್ನಿ ಜನರಲ್, ಸೆಕ್ರೆಟರಿ ಆಫ್ ಸ್ಟೇಟ್ ಅಭ್ಯರ್ಥಿಗಳು ನಿಕ್ಕಿ ಆಗುದು ಅಲ್ಲೇ, ಪ್ರೈಮರಿಯಲ್ಲಿ ಅಲ್ಲ.

ನಮ್ಮ ಬ್ಯಾಲಟ್‌ನ ದೊಡ್ಡ ಹೊಂಡ ಬೇರೆ. ಒಂದೇ ಹಾಳೆಯಲ್ಲಿ ಎರಡೂ ಪಕ್ಷದ ಕಾಲಂ ಅಕ್ಕಪಕ್ಕ ಇರ್ತದೆ. ಗವರ್ನರ್‌ಗೆ ಈ ಕಾಲಂನವ, ಕೌಂಟಿ ಕಮಿಷನರ್‌ಗೆ ಆ ಕಾಲಂನವ ಅಂತ ಗುರುತು ಹಾಕಿದ್ರೆ ಪಕ್ಷದ ಭಾಗ ಪೂರ್ತಿ ಅಸಿಂಧು. ಪಕ್ಷರಹಿತ ಹುದ್ದೆ, ಪ್ರಸ್ತಾವಗಳು ಮಾತ್ರ ಲೆಕ್ಕಕ್ಕೆ. ಬೂತಿನಲ್ಲಿ ಯಂತ್ರ ಅದನ್ನು ಹೊರಗೆ ಹಾಕ್ತದೆ, ಹೊಸ ಹಾಳೆ ಕೇಳ್ಬಹುದು. ಅಂಚೆಯಲ್ಲಿ ಕಳಿಸಿದವರಿಗೆ ಆ ಅವಕಾಶ ಇಲ್ಲ. ಒಂದು ಕಾಲಂ ಹಿಡಿದ್ರೆ ಕಡೆವರೆಗೂ ಅದೇ ಕಾಲಂನಲ್ಲಿ ಇಳೀಬೇಕು.

ಕಾಫಿ_ಡಿಕಾಕ್ಷನ್
ಮಿಶಿಗನ್ ಅಂದ್ರೆ ನಮ್ಮ ಬೆಳಗಾವಿಯ ಶ್ರೀ ಥಾಣೇದಾರ್ ಅಲ್ವಾ!

ನೀರ್ದೋಸೆ
ಹೌದು, ಡೆಟ್ರಾಯ್ಟ್ ಕಡೆಯ 13ನೇ ಕಾಂಗ್ರೆಸ್ ಕ್ಷೇತ್ರದವರು. 2018ರಲ್ಲಿ ಗವರ್ನರ್ ಪ್ರೈಮರಿಗೆ ನಿಂತು ವಿಟ್ಮರ್, ಎಲ್-ಸಯೀದ್ ನಂತರ ಮೂರನೆಯವರಾದ್ರು. 2022ರಲ್ಲಿ ಕಾಂಗ್ರೆಸ್ ಪ್ರೈಮರಿಯಲ್ಲಿ ಒಂಬತ್ತು ಜನ, ಇವರು ಗೆದ್ದದ್ದು ಸುಮಾರು 28% ಮತದಲ್ಲಿ. ಮಿಶಿಗನ್‌ನಲ್ಲಿ ರನ್‌ಆಫ್ ಇಲ್ಲ, ಹೆಚ್ಚು ಬಂದವರೇ ಅಭ್ಯರ್ಥಿ. ಪೇಡೆಯವರ ಟೆಕ್ಸಾಸ್‌ನಲ್ಲಾಗಿದ್ರೆ ಇನ್ನೊಂದು ಸುತ್ತು ಆಡ್ಬೇಕಿತ್ತು. ಆ ಕ್ಷೇತ್ರದಲ್ಲಿ ಡೆಮಾಕ್ರಾಟಿಕ್ ಪ್ರೈಮರಿ ಗೆದ್ದರೆ ನವೆಂಬರ್ ಬರೀ ಶಾಸ್ತ್ರಕ್ಕೆ.

ಎಣ್ಣೆಗಾಯಿ
"ನಮ್ಮ ಬೆಳಗಾವಿ" ಅಂತೀರಿ, ಆತ್ಮಚರಿತ್ರೆ ಬರದದ್ದು ಮರಾಠಿಯೊಳಗ. ಆಮ್ಯಾಲ ಮಾತಾಡೂಣು.

ಧಾರವಾಡ_ಪೇಡೆ
ಏ ಎಣ್ಣೆಗಾಯಿ, ಮನಿ ಮಾತು ಮರಾಠಿ ಇದ್ರ ಬೆಳಗಾವಿಯಾಂವ ಅಲ್ಲೇನು? ಚಿಕ್ಕೋಡಿಯಾಗ ಹುಟ್ಟಿ ಬೆಳಗಾವಿಯಾಗ ಬೆಳದ ಮನಶ್ಯಾ.

ಎಣ್ಣೆಗಾಯಿ
ನಾ ಅದಲ್ಲಾ ಹೇಳಿದ್ದು...

ನಿರ್ವಾಹಕರು
ಗಡಿ ವಿವಾದಕ್ಕೆ ಬೇರೆ ಎಳೆ ಇದೆ, 400 ಪ್ರತಿಕ್ರಿಯೆ ದಾಟಿದೆ, ಅಲ್ಲಿಗೆ ದಯಮಾಡಿಸಿ. ಇಲ್ಲಿ ಬ್ಯಾಲಟ್ ಮಾತ್ರ.

ನೀರ್ದೋಸೆ
ಸಹಿ ವಿಷಯ ಬಂದದ್ದಕ್ಕೆ ಒಂದು ಮಾತು. ಅಭ್ಯರ್ಥಿಯಾಗುದಕ್ಕೂ ಸಹಿ ಬೇಕು. ಮಿಶಿಗನ್ ಗವರ್ನರ್ ಹುದ್ದೆಗೆ 15,000 ಸಿಂಧು ಸಹಿ. 2022ರಲ್ಲಿ ಐವರು ರಿಪಬ್ಲಿಕನ್ನರು ಇದರಲ್ಲೇ ಬಿದ್ದುಹೋದ್ರು, ದುಡ್ಡು ಕೊಟ್ಟು ಇಟ್ಟುಕೊಂಡ ಸಹಿ ಸಂಗ್ರಹದವರು ಖೋಟಾ ಸಹಿ ತುಂಬಿಸಿದ್ರು. ಒಂದೇ ಹಾಳೆಯಲ್ಲಿ ಸಾಲಿಗೆ ಸಾಲು ಒಂದೇ ಕೈಬರಹ, ಒಂದೇ ಶಾಯಿ. ಊರು ಬಿಟ್ಟವರ, ಸತ್ತವರ ಹೆಸರುಗಳೂ ಇದ್ದವು. ಡೆಟ್ರಾಯ್ಟ್‌ನ ಮಾಜಿ ಪೊಲೀಸ್ ಮುಖ್ಯಸ್ಥ ಜೇಮ್ಸ್ ಕ್ರೇಗ್ ಕೂಡ ಹೋದ್ರು. 2024ರಲ್ಲಿ ಥಾಣೇದಾರ್ ಎದುರು ನಿಂತ ಆಡಮ್ ಹೋಲಿಯರ್ 1,000 ಸಹಿ ದಾಟಲಿಲ್ಲ ಅಂತ ಪಟ್ಟಿಯಿಂದಲೇ ಹೊರಗೆ. ಹಾಗಾಗಿ ಅಂಗಡಿ ಮುಂದೆ ಯಾರಾದ್ರೂ ಹಲಗೆ ಹಿಡ್ಕೊಂಡು ಸಹಿ ಕೇಳಿದ್ರೆ ನೋಂದಣಿಯಲ್ಲಿರುವ ವಿಳಾಸವನ್ನೇ ಬರೀರಿ, ಮನೆಯವರ ಪರವಾಗಿ ನೀವೇ ಸಹಿ ಮಾಡ್ಬೇಡಿ.

ಸನ್ನಿವೇಲ್_ಸಂಪಿಗೆ
ನನ್ನ ಸಹಿ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ :)

ಫ್ರೀಮಾಂಟ್_ಮೇಷ್ಟ್ರು
ಬಂದೆ ಬಂದೆ. ಯಾವ ಲಿಪಿ ಅನ್ನೋದು ಪ್ರಶ್ನೆಯಲ್ಲ, ಅವರ ಹತ್ತಿರ ಇರೋ ಸಹಿಗೆ ಹೋಲುತ್ತಾ ಅನ್ನೋದು ಪ್ರಶ್ನೆ. ನಿಮ್ಮ ನೋಂದಣಿ ಡಿಎಂವಿ (ಲೈಸೆನ್ಸ್ ಕೊಡೋ ಇಲಾಖೆ) ಮೂಲಕ ಆಗಿದ್ರೆ ಅಲ್ಲಿ ಸ್ಕ್ರೀನ್ ಮೇಲೆ ಗೀಚಿದ ಸಹಿಯೇ ಕೌಂಟಿಯ ದಾಖಲೆ. ಅದು ಇಂಗ್ಲಿಷ್‌ನಲ್ಲಿದ್ದು ಲಕೋಟೆ ಮೇಲೆ ಕನ್ನಡದಲ್ಲಿ ಹಾಕಿದ್ರೆ ತಾಳೆ ಆಗಲ್ಲ. ಅಲ್ಲೂ ಕನ್ನಡ, ಇಲ್ಲೂ ಕನ್ನಡ ಅಂದ್ರೆ ಆರಾಮ. ಲೈಸೆನ್ಸ್ ತೆಗೆದು ಎದುರಿಗಿಟ್ಟುಕೊಂಡು ಹಾಕಿ, ತಲೆಬಿಸಿ ಇರಲ್ಲ.

ನಮ್ಮವರಿಗೆ ಇನಿಶಿಯಲ್ ಚಿಂತೆ ಬೇರೆ. ಪೂರ್ತಿ ಹೆಸರಿನ ಬದಲು ಇನಿಶಿಯಲ್ ಬರೆದದ್ದು ಒಂದೇ ಕಾರಣಕ್ಕೆ ತಿರಸ್ಕರಿಸುವಂತಿಲ್ಲ ಅಂತ ಕ್ಯಾಲಿಫೋರ್ನಿಯಾ ಕಾನೂನಿನಲ್ಲೇ ಇದೆ. ಮನೆಗಳಲ್ಲಿ ಆಗೋ ತಪ್ಪು ಇನ್ನೊಂದು: ಗಂಡನ ಲಕೋಟೆಯಲ್ಲಿ ಹೆಂಡತಿ ಬ್ಯಾಲಟ್, ಸಹಿ ಅದಲು ಬದಲು. ಅಡುಗೆಮನೆ ಕಟ್ಟೆ ಮೇಲೆ ನಾಲ್ಕು ಲಕೋಟೆ ಒಟ್ಟಿಗೆ ಇಟ್ಟು ತುಂಬುವಾಗ ಹೀಗಾಗೋದು. ಒಬ್ಬರದು ಅಂಟಿಸಿದ ಮೇಲೆ ಇನ್ನೊಬ್ಬರದು ಬಿಚ್ಚಿ.

ಸಹಿ ಹೊಂದದಿದ್ರೆ ಕೌಂಟಿಯಿಂದ ಪತ್ರ ಬರುತ್ತೆ. ಜಂಕ್ ಅಂತ ಎಸೀಬೇಡಿ, ಸಹಿ ಮಾಡಿ ವಾಪಸ್ ಕಳಿಸಿದ್ರೆ ಮತ ಎಣಿಸ್ತಾರೆ. ಕಳಿಸೋಕೆ ಅಂಚೆಚೀಟಿ ಬೇಡ. ಜೂನ್ 2ರ ಒಳಗಿನ ಮುದ್ರೆ ಇದ್ದು 7 ದಿನದೊಳಗೆ ತಲುಪಿದ್ರೆ ಲೆಕ್ಕಕ್ಕೆ. ಆದ್ರೆ ಪೆಟ್ಟಿಗೆಗೆ ಹಾಕಿದ ದಿನವೇ ಅಂಚೆಯವರು ಮುದ್ರೆ ಒತ್ತುತ್ತಾರೆ ಅಂತ ನಂಬಬೇಡಿ, ವಿಂಗಡಣೆ ಕೇಂದ್ರಕ್ಕೆ ಹೋಗಿ ಮಾರನೇ ದಿನದ ಮುದ್ರೆ ಬೀಳಬಹುದು. ಕೊನೆ ವಾರದಲ್ಲಿ ಕೌಂಟಿಯ ಡ್ರಾಪ್ ಬಾಕ್ಸೇ ಸರಿ.

ಏಲಕ್ಕಿ_ಹಾರ
ಈ ಸೀಸನ್‌ನಲ್ಲಿ ನಮ್ಮ ಸಂಘಗಳ ಯುಗಾದಿ ವೇದಿಕೆ ಮೇಲೆ ಅಭ್ಯರ್ಥಿಗಳು ಸಾಲು ಸಾಲು. ಮೈಸೂರು ಪೇಟ, ಶಾಲು, ಹಾವೇರಿ ಏಲಕ್ಕಿ ಹಾರ, ಫೋಟೋ. ಮಾರನೇ ದಿನ ಆ ಫೋಟೋ "ಕನ್ನಡಿಗರ ಬೆಂಬಲ" ಅಂತ ಪ್ರಚಾರದ ಕಾರ್ಡಿನಲ್ಲಿ. ಇದು ಸರಿಯಾ?

ಕಾಫಿ_ಡಿಕಾಕ್ಷನ್
ಮನೆಗೆ ಬಂದವರಿಗೆ ಪೇಟ ಹಾಕೋದು ನಮ್ಮ ಸಂಸ್ಕೃತಿ. ಅದಕ್ಕೂ ರಾಜಕೀಯ ಬಣ್ಣ ಬೇಕಾ?

ತೆರಿಗೆ_ತಲೆನೋವು
ಸಂಸ್ಕೃತಿ ಸರಿ, ತೆರಿಗೆ ಇಲಾಖೆ ಐಆರ್‌ಎಸ್‌ಗೆ ಸಂಸ್ಕೃತಿ ಗೊತ್ತಿಲ್ಲ. ನಮ್ಮ ಬಹುತೇಕ ಸಂಘಗಳು 501(ಸಿ)(3), ಅಂದ್ರೆ ತೆರಿಗೆ ವಿನಾಯ್ತಿ ಇರೋ ಸಂಸ್ಥೆಗಳು. ಯಾವುದೇ ಹುದ್ದೆಯ ಅಭ್ಯರ್ಥಿಯ ಪರ ಅಥವಾ ವಿರುದ್ಧ ಪ್ರಚಾರ ಮಾಡೋ ಹಾಗಿಲ್ಲ. ಶಾಲಾ ಮಂಡಳಿಗೂ ಇದೇ. ತಪ್ಪಿದ್ರೆ ವಿನಾಯ್ತಿಗೇ ಸಂಚಕಾರ.

ಏನು ಮಾಡಬಹುದು: ಹುದ್ದೆಯಲ್ಲಿರೋ ಮೇಯರ್ ಅವರನ್ನ ಮೇಯರ್ ಅಂತ ಕರೆಯಬಹುದು, ಆದ್ರೆ ನಿರೂಪಕರು ಅವರ ಉಮೇದುವಾರಿಕೆ ಮಾತು ಎತ್ತಬಾರದು, ಅವರೂ ಎತ್ತಬಾರದು, ಇದನ್ನ ಕರೆಯೋ ಇಮೇಲ್‌ನಲ್ಲೇ ಬರೆದು ಹೇಳಿ. ಅಭ್ಯರ್ಥಿಯಾಗಿ ಕರೆಯೋದಾದ್ರೆ ಅದೇ ಹುದ್ದೆಯ ಎಲ್ಲರಿಗೂ ಆಹ್ವಾನ, ಎಲ್ಲರಿಗೂ ಅಷ್ಟೇ ನಿಮಿಷ. ಮಳಿಗೆ ಜಾಗ ಕೊಟ್ರೆ ಎಲ್ಲರಿಗೂ ಒಂದೇ ಬಾಡಿಗೆ. ಸದಸ್ಯರ ಇಮೇಲ್ ಪಟ್ಟಿಯನ್ನ ಒಬ್ಬರಿಗೆ ಪುಕ್ಕಟೆ ಕೊಡೋದಂತೂ ಮಹಾ ತಪ್ಪು, ಆಗೋದೇ ಅದು. ಸಮಿತಿ ಅಧ್ಯಕ್ಷರು ಸ್ವಂತ ಹೆಸರಲ್ಲಿ ಯಾರನ್ನ ಬೇಕಾದ್ರೂ ಬೆಂಬಲಿಸಲಿ, ಸಂಘದ ವಾಟ್ಸಾಪ್‌ನಲ್ಲಿ, ಸಂಘದ ಮೈಕಿನಲ್ಲಿ ಬೇಡ.

ಒಬ್ಬರಿಗೇ ಪೇಟ, ಪ್ರೈಮರಿಗೆ ಮೂರು ವಾರ ಮುಂಚೆ? ನನ್ನ ಪ್ರಕಾರ ಬೇಡ. ಹೋಳಿಗೆ ಊಟ ಹಾಕಿ ಕಳಿಸಿ.

ಮಂಡ್ಯ_ಮಾದ
ಊಟಕ್ಕೂ ಎಲ್ಲ ಅಭ್ಯರ್ಥಿಗಳನ್ನ ಕರೀಬೇಕಾ? ಹೋಳಿಗೆ ಸಾಲಲ್ಲ.

ಏಲಕ್ಕಿ_ಹಾರ
ತಲೆನೋವು ಸರ್, ದೇಣಿಗೆ ವಿಷಯವೂ ಹೇಳಿಬಿಡಿ. ಎಚ್-1ಬಿ ಹುಡುಗರು ಊಟದ ಟಿಕೆಟ್ ತಗೋತಾರೆ.

ತೆರಿಗೆ_ತಲೆನೋವು
ಪ್ರಚಾರ ನಿಧಿಯ ಊಟದ ಟಿಕೆಟ್ ಅಂದ್ರೆ ದೇಣಿಗೆಯೇ. ಗ್ರೀನ್ ಕಾರ್ಡ್ ಇರೋರು ಕೊಡಬಹುದು. ಎಚ್-1ಬಿ, ಎಲ್-1, ಎಫ್-1 ವೀಸಾ ಇರೋರು ಕೊಡೋ ಹಾಗಿಲ್ಲ. ಫೆಡರಲ್ ಚುನಾವಣೆಗೆ ಮಾತ್ರ ಅಲ್ಲ, ನಗರಸಭೆ ಚುನಾವಣೆಗೂ ಇದೇ ಕಾನೂನು. ಸಂಬಳ ಇಲ್ಲದೆ ಕರಪತ್ರ ಹಂಚಬಹುದು, ಫೋನ್ ಮಾಡಬಹುದು. ದುಡ್ಡಿನ ನಿರ್ಧಾರದಲ್ಲಿ ಕೂರಬಾರದು. "ನಾನು ಕೊಡ್ತೀನಿ, ನಿನ್ನ ಹೆಸರಲ್ಲಿ ಹಾಕು, ಆಮೇಲೆ ಕೊಡ್ತೀನಿ" ಅನ್ನೋದು ಕ್ರಿಮಿನಲ್ ಅಪರಾಧ. ಕಾಂಗ್ರೆಸ್ ಅಭ್ಯರ್ಥಿಗೆ ಒಬ್ಬರ ಮಿತಿ ಈ ಸುತ್ತಿನಲ್ಲಿ 3,500 ಡಾಲರ್, ಪ್ರೈಮರಿಗೆ ಒಂದು ಲೆಕ್ಕ, ನವೆಂಬರ್‌ಗೆ ಇನ್ನೊಂದು.

ಫ್ರೀಮಾಂಟ್_ಮೇಷ್ಟ್ರು
ಇದಕ್ಕಿಂತ ದೊಡ್ಡ ಅಪಾಯ ನೋಂದಣಿ. ಸಿಟಿಜನ್ ಅಲ್ಲದವರು ಡಿಎಂವಿ ಫಾರಂನಲ್ಲಿ ಮತದಾರರ ನೋಂದಣಿಯ ಚೌಕಕ್ಕೆ ಟಿಕ್ ಹಾಕಲೇಬಾರದು. 2018ರಲ್ಲಿ ಕ್ಯಾಲಿಫೋರ್ನಿಯಾ ಡಿಎಂವಿ ಕಡೆಯಿಂದಲೇ ಸುಮಾರು 1,500 ಜನರ ನೋಂದಣಿ ತಪ್ಪಾಗಿ ಆಯ್ತು, ಅದರಲ್ಲಿ ಸಿಟಿಜನ್ ಅಲ್ಲದವರೂ ಇದ್ರು. ಪೌರತ್ವದ ಅರ್ಜಿ ಎನ್-400 ಫಾರಂನಲ್ಲಿ "ಎಂದಾದರೂ ಮತದಾರರಾಗಿ ನೋಂದಾಯಿಸಿದ್ದೀರಾ" ಅಂತ ನೇರ ಪ್ರಶ್ನೆ ಇದೆ. ನಿಮಗೆ ಬ್ಯಾಲಟ್ ಬಂದು ನೀವು ಸಿಟಿಜನ್ ಅಲ್ಲ ಅಂದ್ರೆ ಹಾಕಬೇಡಿ, ಹರಿಯಲೂಬೇಡಿ. ಇಟ್ಟುಕೊಂಡು ಮೊದಲು ಇಮಿಗ್ರೇಶನ್ ವಕೀಲರ ಹತ್ತಿರ ಹೋಗಿ, ಆಮೇಲೆ ನೋಂದಣಿ ರದ್ದತಿ ಲಿಖಿತವಾಗಿ, ಪ್ರತಿ ಇಟ್ಟುಕೊಂಡು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಿಟಿಜನ್ ಅಲ್ಲದ ಪೋಷಕರು ಶಾಲಾ ಮಂಡಳಿಗೆ ಮತ ಹಾಕಬಹುದು, 2016ರಲ್ಲಿ ಪಾಸಾದದ್ದು. ಅದಕ್ಕೂ ವಕೀಲರನ್ನ ಕೇಳದೆ ಕೈ ಹಾಕಬೇಡಿ ಅಂತ ನನ್ನ ಅಭಿಪ್ರಾಯ.

ಎಣ್ಣೆಗಾಯಿ
ಪ್ರೈಮರಿ ಸೋತವ್ರು ಬಂಡಾಯ ನಿಲ್ಲಂಗಿಲ್ಲೇನ್ರಿ ಇಲ್ಲಿ? ನಮ್ಮ ಕಡೆ ಟಿಕೆಟ್ ಸಿಗಲಿಲ್ಲಂದ್ರ ಮರುದಿನ ಪಕ್ಷೇತರ.

ರೆಡ್ಮಂಡ್_ರಗಳೆ
ಬಹಳ ರಾಜ್ಯಗಳಲ್ಲಿ ಆಗಲ್ಲ, ಸೋತವರ ಹೆಸರು ನವೆಂಬರ್ ಬ್ಯಾಲಟ್‌ಗೆ ಬಾರದ ಹಾಗೆ ಕಾನೂನಿದೆ. ಕನೆಕ್ಟಿಕಟ್‌ನಲ್ಲಿ ಇಲ್ಲ, ಅದಕ್ಕೇ ಸೆನೆಟರ್ ಜೋ ಲೀಬರ್‌ಮನ್ 2006ರಲ್ಲಿ ನೆಡ್ ಲಾಮಾಂಟ್ ಎದುರು ಪ್ರೈಮರಿ ಸೋತು ಪಕ್ಷೇತರರಾಗಿ ಗೆದ್ರು. ಮಜಾ ಅಂದ್ರೆ ಬಫಲೊ ನಗರ, 2021. ನಾಲ್ಕು ಸಲ ಮೇಯರ್ ಆಗಿದ್ದ ಬೈರನ್ ಬ್ರೌನ್ ಪ್ರೈಮರಿಯಲ್ಲಿ ಇಂಡಿಯಾ ವಾಲ್ಟನ್ ಎದುರು ಸೋತ್ರು. ಬ್ಯಾಲಟ್‌ನಲ್ಲಿ ವಾಲ್ಟನ್ ಒಬ್ಬರದೇ ಹೆಸರು. ನ್ಯೂಯಾರ್ಕ್‌ನಲ್ಲಿ ಹೆಸರು ಬರೆಯೋ ಜಾಗದಲ್ಲಿ ಮೊಹರು ಒತ್ತಬಹುದು. ಬ್ರೌನ್ ಕಡೆಯವರು ಅವರ ಹೆಸರಿನ ಶಾಯಿ ಮೊಹರು ಮಾಡಿಸಿ ಜನಕ್ಕೆ ಹಂಚಿದ್ರು. ಗೆದ್ದೇಬಿಟ್ರು!

ಎಣ್ಣೆಗಾಯಿ
ರಬ್ಬರ್ ಸ್ಟಾಂಪ್ ಮೇಯರ್ ಅಂದ್ರ ಇದ.

ಸನ್ನಿವೇಲ್_ಸಂಪಿಗೆ (ಮೇ 11, ಬೆಳಿಗ್ಗೆ 7:15)
ಒಂದು ಹೊಸ ಗೊಂದಲ. ನೋಂದಣಿ ವಿವರ ವೆಬ್‌ಸೈಟಿನಲ್ಲಿ ತೆಗೆದು ನೋಡಿದ್ರೆ ಪಕ್ಷದ ಜಾಗದಲ್ಲಿ "ಅಮೆರಿಕನ್ ಇಂಡಿಪೆಂಡೆಂಟ್" ಅಂತಿದೆ. ಸ್ವತಂತ್ರ ಅಂತ ತಾನೇ ಅರ್ಥ?

ಫ್ರೀಮಾಂಟ್_ಮೇಷ್ಟ್ರು
ಅಯ್ಯೋ, ಅಲ್ಲಮ್ಮ! ಅದೊಂದು ಪಕ್ಷ. 1968ರಲ್ಲಿ ವರ್ಣಭೇದದ ಪರ ನಿಂತ ಜಾರ್ಜ್ ವಾಲೆಸ್ ಅವರ ಅಧ್ಯಕ್ಷ ಉಮೇದುವಾರಿಕೆಗೆ ಹುಟ್ಟಿದ್ದು. ಹೆಸರು ನೋಡಿ ಸ್ವತಂತ್ರ ಅಂದ್ಕೊಂಡು ಟಿಕ್ ಹಾಕಿದವರು ಲೆಕ್ಕವಿಲ್ಲದಷ್ಟು. ನಿಮಗೆ ಬೇಕಾದದ್ದು ಪಟ್ಟಿಯ ಕೊನೆಯ ಸಾಲು, "ನೋ ಪಾರ್ಟಿ ಪ್ರೆಫರೆನ್ಸ್".

ಈ ಜೂನ್‌ಗೆ ಗಾಬರಿ ಬೇಡ, ಹುದ್ದೆಗಳ ಪಟ್ಟಿ ಎಲ್ಲರಿಗೂ ಒಂದೇ. 2028ರ ಅಧ್ಯಕ್ಷರ ಪ್ರೈಮರಿಯಲ್ಲಿ ಮಾತ್ರ ಆ ಪಕ್ಷದ ಬ್ಯಾಲಟ್ಟೇ ಕೈಗೆ ಬರುತ್ತೆ, ನಿಮಗೆ ಬೇಕಾದ ಹೆಸರು ಅದರಲ್ಲಿ ಇರಲ್ಲ. ಆನ್‌ಲೈನ್‌ನಲ್ಲಿ ಹೊಸದಾಗಿ ನೋಂದಣಿ ಮಾಡಿದ್ರೆ ಹಳೇದು ತಾನಾಗೇ ಬದಲಾಗುತ್ತೆ. ಮೇ 18ರ ತನಕ ಈ ಚುನಾವಣೆಗೆ ಲೆಕ್ಕ, ಆಮೇಲೆ ಮತ ಕೇಂದ್ರಕ್ಕೇ ಹೋಗಬೇಕು. ಕೈಲಿರೋ ಬ್ಯಾಲಟ್ ಮೊದಲು ಹಾಕಿ, ಪಕ್ಷ ಬದಲಾವಣೆ ಜೂನ್ ಆದಮೇಲೆ ಮಾಡ್ಕೊಳ್ಳಿ. ಮಧ್ಯದಲ್ಲಿ ಬದಲಾಯಿಸಿದ್ರೆ ಇನ್ನೊಂದು ಬ್ಯಾಲಟ್ ಬಂದು ಯಾವುದು ಹಾಕಬೇಕು ಅನ್ನೋ ಹೊಸ ಎಳೆ ಶುರು ಮಾಡಬೇಕಾಗುತ್ತೆ.

ಕಾಫಿ_ಡಿಕಾಕ್ಷನ್
ಇನ್ನೊಂದು ವಿಷಯ. ಅಂಚೆಯಲ್ಲಿ ಬಣ್ಣಬಣ್ಣದ ಕಾರ್ಡು ಬರ್ತಿವೆ, "ಅಧಿಕೃತ ಮತದಾರರ ಮಾರ್ಗದರ್ಶಿ" ಅನ್ನೋ ಥರ. ನಂಬಬಹುದಾ?

ತೆರಿಗೆ_ತಲೆನೋವು
ಕೆಳಗೆ ಸಣ್ಣ ಅಕ್ಷರದಲ್ಲಿ ಓದಿ. ಕೆಲವು ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಇರುತ್ತೆ. ನಕ್ಷತ್ರ ಇದ್ರೆ ಆ ಅಭ್ಯರ್ಥಿ ಆ ಜಾಗಕ್ಕೆ ದುಡ್ಡು ಕೊಟ್ಟಿದ್ದಾರೆ ಅಂತ. ನಕ್ಷತ್ರ ಹಾಕಲೇಬೇಕು ಅಂತ ಕ್ಯಾಲಿಫೋರ್ನಿಯಾ ಕಾನೂನು, ದೊಡ್ಡದಾಗಿ ಹಾಕೋ ಮನಸ್ಸು ಮಾತ್ರ ಯಾರಿಗೂ ಇಲ್ಲ. ಮೇಲಿನ ದೊಡ್ಡ ಹೆಸರುಗಳು ನಕ್ಷತ್ರ ಇಲ್ಲದೆ ಶೋಭೆಗೆ, ಕೆಳಗಿನ ನೀರಿನ ಮಂಡಳಿ, ನ್ಯಾಯಾಧೀಶರ ಸಾಲಿನಲ್ಲಿ ನಕ್ಷತ್ರಗಳ ಆಕಾಶಗಂಗೆ.

ಸನ್ನಿವೇಲ್_ಸಂಪಿಗೆ
ನೋಡಿದೆ. ಒಂಬತ್ತು ನಕ್ಷತ್ರ!! ಎಲ್ರಿಗೂ ಥ್ಯಾಂಕ್ಸ್. ಕೊನೇದೊಂದು: ಗೊತ್ತಿಲ್ಲದ ಹುದ್ದೆ ಖಾಲಿ ಬಿಟ್ರೆ ಉಳಿದದ್ದು ಎಣಿಸ್ತಾರಾ?

ಫ್ರೀಮಾಂಟ್_ಮೇಷ್ಟ್ರು
ಎಣಿಸ್ತಾರೆ. ಒಬ್ಬರನ್ನೇ ಆರಿಸೋ ಕಡೆ ಇಬ್ಬರಿಗೆ ಗುರುತು ಹಾಕಿದ್ರೆ ಆ ಒಂದು ಸ್ಪರ್ಧೆ ಮಾತ್ರ ಹೋಗುತ್ತೆ. ಖಾಲಿ ಬಿಡೋ ಮುಂಚೆ ಹೆಸರಿನ ಕೆಳಗಿರೋ ಮೂರು ಪದದ ಉದ್ಯೋಗ ನೋಡಿ, ಆಮೇಲೆ ಕೈಪಿಡಿಯಲ್ಲಿ ಅವರ ಹೇಳಿಕೆ ಇದ್ರೆ ಓದಿ. ಮೇಲಿರೋ ಹೆಸರೇ ಮುಖ್ಯ ಅಂದ್ಕೋಬೇಡಿ. ಅಕ್ಷರಗಳನ್ನ ಲಾಟರಿ ಎತ್ತಿ ಕ್ರಮ ಮಾಡ್ತಾರೆ, ರಾಜ್ಯಮಟ್ಟದ ಹುದ್ದೆಗಳಿಗೆ ಅಸೆಂಬ್ಲಿ ಕ್ಷೇತ್ರದಿಂದ ಕ್ಷೇತ್ರಕ್ಕೆ ಹೆಸರುಗಳು ತಿರುಗ್ತಾ ಹೋಗುತ್ತವೆ.

ಮಂಡ್ಯ_ಮಾದ
ಸಾರ್, ಡ್ರಾಪ್ ಬಾಕ್ಸ್ ಜೂನ್ 2ಕ್ಕೆ ಎಷ್ಟೊತ್ತಿಗೆ ಮುಚ್ತಾರೆ? ಒಂಬತ್ತಾ?

ಫ್ರೀಮಾಂಟ್_ಮೇಷ್ಟ್ರು
ಎಂಟಕ್ಕೆ ಮಾದ. ಎಂಟಕ್ಕೆ ಕ್ಯೂನಲ್ಲಿದ್ರೆ ಸರಿ.